ಕಾಣಿಕೆ ಕಡಿಮೆಯಾದ ಭಾನುವಾರ

ನಮ್ಮ ಕ್ರೈಸ್ತ ಸಭೆಯಲ್ಲಿ ಒಳ್ಳೆಯ ಪ್ರಸಂಗ, ಅಂದರೆ ಪಾದ್ರಿಯ ಉಪದೇಶ, ಯಾವುದೆಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಅಳತೆ. ಹಾಡಿನ ತಂಡದ ಹುಡುಗರಿಗೆ ಬೇಗ ಮುಗಿದದ್ದೇ ಒಳ್ಳೆಯ ಪ್ರಸಂಗ. ಸ್ತ್ರೀಯರ ಅನ್ಯೋನ್ಯ ಕೂಟದ ಹಿರಿಯರಿಗೆ ಕಣ್ಣಲ್ಲಿ ನೀರು ತರಿಸಿದ್ದು. ನಿವೃತ್ತ ಮಾಸ್ತರರೊಬ್ಬರಿದ್ದಾರೆ, ಅವರಿಗೆ ಅಕಾರ ಹಕಾರ ತಪ್ಪದೆ ಇದ್ದದ್ದು. ನಾನು ಖಜಾಂಚಿ, ಪತ್ತಿನ ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆದೇ ನಿವೃತ್ತನಾದವನು. ಭಾನುವಾರ ಆರಾಧನೆ ಮುಗಿದು ಜನ ಹೊರಗೆ ಮಾತನಾಡುತ್ತ ನಿಂತಿರುವಾಗ ನಾನೂ ಇನ್ನೊಬ್ಬ ಸಮಿತಿ ಸದಸ್ಯರೂ ಒಳಕೋಣೆಯಲ್ಲಿ ಕುಳಿತು ಕಾಣಿಕೆ ಚೀಲ ಸುರಿದು ಎಣಿಸುತ್ತೇವೆ. ಹೀಗಾಗಿ ನನ್ನ ಅಳತೆ ನಗದು ಪುಸ್ತಕ. ಅದರ ಪ್ರಕಾರ ಪ್ರಸಂಗ ಯಾವುದೇ ಇರಲಿ, ಚೀಲ ಹೆಚ್ಚುಕಡಿಮೆ ಅಷ್ಟೇ ತುಂಬುತ್ತದೆ. ದೇವರ ಪ್ರೀತಿಯ ಬಗ್ಗೆ ಹೇಳಿದ ದಿನವೂ ಅಷ್ಟೇ, ನರಕದ ಬಗ್ಗೆ ಗುಡುಗಿದ ದಿನವೂ ಅಷ್ಟೇ. ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸ ಹಂಚುವ ಸಂಸ್ಕಾರ) ಇರುವ ಭಾನುವಾರ ಸ್ವಲ್ಪ ಹೆಚ್ಚು, ಮದುವೆಗಳ ಕಾಲದಲ್ಲಿ ಸ್ವಲ್ಪ ಕಡಿಮೆ. ಸಂಬಳದ ದಿನಾಂಕ ಈ ಚೀಲವನ್ನು ಅಲ್ಲಾಡಿಸಿದಷ್ಟು ದೇವರ ವಾಕ್ಯ ಅಲ್ಲಾಡಿಸಿದ್ದನ್ನು ನಾನು ಕಂಡಿರಲಿಲ್ಲ.

ಒಂದು ಪ್ರಸಂಗ ಮಾತ್ರ ಅಲ್ಲಾಡಿಸಿತು. ಅದೂ ಕೆಳಮುಖವಾಗಿ.

ಅದಕ್ಕೆ ಬರುವ ಮೊದಲು, ನಮಗೆ ರೂಢಿಯಾಗಿರುವ ಎಚ್ಚರಿಕೆಯ ಪ್ರಸಂಗಗಳ ಬಗ್ಗೆ ಎರಡು ಮಾತು. ಪ್ರತಿ ವರ್ಷ ಉಜ್ಜೀವನ ಕೂಟ, ಅಂದರೆ ತಣ್ಣಗಾದ ಭಕ್ತಿಯನ್ನು ಮತ್ತೆ ಎಬ್ಬಿಸುವ ಕೂಟ, ಇಡುತ್ತೇವೆ. ಶಾಮಿಯಾನ, ಬಾಡಿಗೆ ಕುರ್ಚಿ, ಅಗತ್ಯಕ್ಕಿಂತ ದೊಡ್ಡ ಧ್ವನಿವರ್ಧಕ. ದೂರದಿಂದ ಬಂದ ಪ್ರಸಂಗಿಗಳು ನಮ್ಮನ್ನು ಚೆನ್ನಾಗಿ ಬೈಯುತ್ತಾರೆ. ಆರಾಧನೆಯ ನಡುವೆ ಮೊಬೈಲ್ ನೋಡುವ ಯುವಕರು, ಹೆಣ್ಣುಮಕ್ಕಳ ಉಡುಪು, ಕ್ರಿಸ್ಮಸ್ ದಿನ ಬಾಯಿ ವಾಸನೆ ಬರುವ ಗಂಡಸರು, ಮನೆಯಲ್ಲಿ ಧಾರಾವಾಹಿ ಮುಗಿಯುವ ತನಕ ಬೈಬಲ್ ಮುಟ್ಟದ ಹೆಂಗಸರು. ಪಟ್ಟಿ ಎಲ್ಲರಿಗೂ ಬಾಯಿಪಾಠ. ಕೇಳುವವರು ತಲೆಯಾಡಿಸುತ್ತಾರೆ, ಏಕೆಂದರೆ ಪಟ್ಟಿಯ ಪ್ರತಿಯೊಂದು ಸಾಲಿಗೂ ಅವರಿಗೆ ಬೇರೊಬ್ಬರ ಮುಖ ನೆನಪಾಗುತ್ತದೆ. ಬಯ್ಯಿಸಿಕೊಳ್ಳುವುದರಲ್ಲಿಯೂ ಒಂದು ರುಚಿ ಇದೆ. ಮಿರ್ಚಿ ಭಜಿ ತಿಂದು ಕಣ್ಣು ಮೂಗಲ್ಲಿ ನೀರು ಸುರಿಸುತ್ತ ಇನ್ನೊಂದು ಪ್ಲೇಟು ತರಿಸುವ ಹಾಗೆ, ನಾವು ಮುಂದಿನ ವರ್ಷವೂ ಅವರನ್ನೇ ಕರೆಸುತ್ತೇವೆ. ಕೊನೆಯ ದಿನ ಮುಂದೆ ಬಂದು ಮೊಣಕಾಲೂರುವವರೂ ಹೆಚ್ಚುಕಡಿಮೆ ಅವರೇ.

ಕಣ್ಣೀರನ್ನು ನಾನು ಹೀಯಾಳಿಸುತ್ತಿಲ್ಲ. ಆದರೆ ಅದನ್ನು ಜಮಾ ಎಂದು ಬರೆದುಕೊಳ್ಳಲು ಕೈ ಬರುವುದಿಲ್ಲ. ಅಮೆರಿಕದ ಪಾದ್ರಿ ಜೊನಾಥನ್ ಎಡ್ವರ್ಡ್ಸ್ ವಿಷಯವನ್ನೇ ನೋಡಿ. 1741ರ ಜುಲೈ 8ರಂದು ಎನ್‌ಫೀಲ್ಡ್ ಎಂಬ ಊರಿನಲ್ಲಿ ಅವರು ಕೊಟ್ಟ ಪ್ರಸಂಗ ಮುಗಿಯುವ ಮೊದಲೇ ಜನ ಗೋಳಾಡತೊಡಗಿದರು, ಅವರು ನಡುವೆ ನಿಲ್ಲಿಸಿ ಸುಮ್ಮನಿರಿ ಎನ್ನಬೇಕಾಯಿತು. ಆ ಕಥೆಯನ್ನು ಎಲ್ಲ ಉಜ್ಜೀವನ ಪ್ರಸಂಗಿಗಳೂ ಹೇಳುತ್ತಾರೆ. ಅವರ ಸ್ವಂತ ಸಭೆ ಇದ್ದ ನಾರ್ತಾಂಪ್ಟನ್‌ನ ಕಥೆಯನ್ನು ಯಾರೂ ಹೇಳುವುದಿಲ್ಲ. 1734-35ರಲ್ಲಿ ಅಲ್ಲಿ ದೊಡ್ಡ ಉಜ್ಜೀವನವಾಗಿತ್ತು. ಮುಂದೆ, ನಂಬಿಕೆಯ ಸ್ಪಷ್ಟ ಅರಿಕೆ ಮಾಡದವರನ್ನು ಕರ್ತನ ಭೋಜನಕ್ಕೆ ಸೇರಿಸಿಕೊಳ್ಳುವುದಿಲ್ಲ ಎಂದು ಎಡ್ವರ್ಡ್ಸ್ ಪಟ್ಟು ಹಿಡಿದಾಗ ಅದೇ ಸಭೆ 1750ರಲ್ಲಿ ಅವರನ್ನು ಕೆಲಸದಿಂದ ತೆಗೆಯಿತು. ಅಳಿಸುವ ತನಕ ಇಟ್ಟುಕೊಂಡರು, ಕಟ್ಟುಪಾಡಿಗೆ ಬಂದಾಗ ಕಳಿಸಿಬಿಟ್ಟರು. ಇನ್ನೂ ಒಂದು ಮಾತು: ಎಡ್ವರ್ಡ್ಸ್ ಮನೆಯಲ್ಲಿ ಹಣ ಕೊಟ್ಟು ಕೊಂಡ ಗುಲಾಮರಿದ್ದರು. ಎನ್‌ಫೀಲ್ಡಿನ ಜನರ ಎದೆ ನಡುಗಿಸಿದವರ ಸ್ವಂತ ಮನೆಯ ಖಾತೆಯಲ್ಲಿ ಆ ಬಾಬ್ತು ಹಾಗೆಯೇ ಉಳಿದಿತ್ತು.

ನಮ್ಮದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಬೇರಿನ ಸಭೆ. ನಮ್ಮ ಕಡೆಯವರು ಗುಳೇದಗುಡ್ಡದ ನೇಕಾರರು, ಖಣ ನೇಯ್ದವರು. 1851ರಲ್ಲಿ ಮಿಷನ್‌ನವರು ಅಲ್ಲಿ ನೆಲೆ ಹೂಡಿದರು. ನಮ್ಮಲ್ಲಿ ಹಿರಿತನದ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ. "ನಮ್ಮ ಮುತ್ತಜ್ಜನಿಗೆ ಜರ್ಮನ್ ಅಯ್ಯನವರೇ ದೀಕ್ಷಾಸ್ನಾನ ಕೊಟ್ಟದ್ದು" ಎಂದು ಹೇಳಿದವರ ಮುಂದೆ ನಿನ್ನೆ ಮೊನ್ನೆ ಬಂದವರು ಮಾತನಾಡುವಂತಿಲ್ಲ. ಸ್ನಾನಿಕನಾದ ಯೋಹಾನನ ಎದುರು ಯೆಹೂದ್ಯರು "ಅಬ್ರಹಾಮನು ನಮ್ಮ ಮೂಲಪುರುಷ" ಎಂದುಕೊಂಡರಂತೆ. ನಮಗೆ ಆ ಜಾಗದಲ್ಲಿ ಬಾಸೆಲ್ ಇದೆ. ತಮಾಷೆಯೆಂದರೆ ಆ ಬಾಸೆಲ್ ಮಿಷನ್ ಹುಟ್ಟಿದ್ದೇ ಹುಟ್ಟು ಕ್ರೈಸ್ತರ ಇಂಥ ನಿದ್ದೆಯ ವಿರುದ್ಧ. ಜರ್ಮನಿಯಲ್ಲಿ 1675ರಷ್ಟು ಹಿಂದೆಯೇ ಸ್ಪೇನರ್ ಎಂಬ ಪಾದ್ರಿ, ದೀಕ್ಷಾಸ್ನಾನ ಆಗಿದೆ, ದೇವಾಲಯಕ್ಕೆ ಬರುತ್ತೇವೆ, ಇನ್ನೇನು ಬೇಕು ಎಂದು ಕುಳಿತಿದ್ದ ಲೂಥರನ್ ಸಭೆಗಳನ್ನು ಕುಟುಕಿ ಬರೆದರು. ಅವರಿಂದ ಹಬ್ಬಿದ ಭಕ್ತಿಯ ಚಳವಳಿಯ ಮೊಮ್ಮಕ್ಕಳು 1815ರಲ್ಲಿ ಬಾಸೆಲ್‌ನಲ್ಲಿ ಮಿಷನ್ ಕಟ್ಟಿದರು. 1834ರಲ್ಲಿ ಮಂಗಳೂರಿಗೆ ಬಂದ ಮೊದಲ ಮೂವರಲ್ಲಿ ಸಾಮುವೇಲ್ ಹೆಬಿಕ್ ಒಬ್ಬರು. ಮಿಷನರಿಯಾಗುವ ಮೊದಲು ವ್ಯಾಪಾರದಲ್ಲಿದ್ದವರು, ಹಾಗಾಗಿ ನನಗೆ ಅವರ ಮೇಲೆ ವಿಶೇಷ ಅಭಿಮಾನ. ಮುಂದೆ ಕಣ್ಣೂರಿನಲ್ಲಿದ್ದಾಗ ಅವರು ದಂಡಿನ ಇಂಗ್ಲಿಷ್ ಅಧಿಕಾರಿಗಳ ಬಂಗಲೆಗಳಿಗೆ ಕರೆಯದೆಯೇ ಹೋಗಿ ಕುಳಿತು, ನಿನ್ನ ಆತ್ಮದ ಗತಿ ಏನು ಎಂದು ಕೇಳುತ್ತಿದ್ದರು. ಆ ಅಧಿಕಾರಿಗಳೆಲ್ಲ ಹುಟ್ಟು ಕ್ರೈಸ್ತರು, ಭಾನುವಾರ ಸಾಲಾಗಿ ಆರಾಧನೆಗೆ ಹೋಗುವವರು. ಇದನ್ನು ನಮ್ಮ ಸಭೆಯ ವಾರ್ಷಿಕೋತ್ಸವದ ಭಾಷಣಗಳಲ್ಲಿ ಯಾರೂ ಎತ್ತುವುದಿಲ್ಲ. ಅಲ್ಲಿ ಹೆಂಚಿನ ಕಾರ್ಖಾನೆ, ಶಾಲೆ, ನಿಘಂಟು ಇಷ್ಟೇ ಬರುತ್ತವೆ.

ಈಗ ನಮ್ಮ ಊರಾದ ಬಾಗಲಕೋಟೆಗೆ ಬರುತ್ತೇನೆ, ಏಕೆಂದರೆ ಆ ಪ್ರಸಂಗ ಬೇರೆ ಊರಿನಲ್ಲಿ ಆಗಲು ಸಾಧ್ಯವಿರಲಿಲ್ಲ.

ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿತ್ತು. ಕೃಷ್ಣೆಯ ಹಿನ್ನೀರು ಘಟಪ್ರಭೆಯೊಳಗೆ ಹಿಂದಕ್ಕೆ ಏರಿ ಹಳೇ ಊರಿನ ತಗ್ಗಿನ ಓಣಿಗಳನ್ನು ನುಂಗಿತು. ನವನಗರ ಎದ್ದಿತು, ವಿಳಾಸದಲ್ಲಿ ಓಣಿಯ ಹೆಸರು ಹೋಗಿ ಸೆಕ್ಟರ್ ನಂಬರ್ ಬಂತು. ಮನೆಗೆ, ಹೊಲಕ್ಕೆ ಪರಿಹಾರ ಬಂತು. ಸಾಲದೆಂದವರು 1894ರ ಭೂಸ್ವಾಧೀನ ಕಾಯ್ದೆಯ 18ನೆಯ ಕಲಮಿನ ಪ್ರಕಾರ ಕೋರ್ಟಿಗೆ ಹೋದರು. ಎಷ್ಟೋ ವರ್ಷಗಳ ಮೇಲೆ ಹೆಚ್ಚುವರಿ ಪರಿಹಾರ ಬಡ್ಡಿಸಮೇತ ಬಂತು. ಮೊದಲ ಹಣದ ವಿಷಯ ಊರಿಗೆಲ್ಲ ಗೊತ್ತಿರುತ್ತಿತ್ತು. ಎರಡನೆಯದು ವಕೀಲರಿಗೆ, ಬ್ಯಾಂಕಿಗೆ ಮತ್ತು ಯಾರ ಹೆಸರಿಗೆ ಬಂತೋ ಅವರಿಗೆ ಮಾತ್ರ. ಮದುವೆಯಾಗಿ ಬೆಟಗೇರಿಗೋ ಹುಬ್ಬಳ್ಳಿಗೋ ಹೋದ ಅಕ್ಕತಂಗಿಯರನ್ನು ಮೊದಲ ಸುತ್ತಿಗೇ ಕರೆಸಿ, ಊಟ ಹಾಕಿ, ಒಂದು ಇಳಕಲ್ ಸೀರೆ, ಒಂದು ಖಣ ಕೊಟ್ಟು, "ಇಲ್ಲೊಂದು ಸಹಿ ಹಾಕು ತಂಗಿ, ಕಚೇರಿಯವರು ಕೇಳುತ್ತಾರೆ" ಎಂದು ಹಕ್ಕುಬಿಡುಗಡೆ ಬರೆಸಿಕೊಂಡ ಮನೆಗಳು ಎಲ್ಲ ಜಾತಿಮತಗಳಲ್ಲೂ ಇವೆ. ನಮ್ಮಲ್ಲೂ ಇವೆ. ನಮ್ಮವರಿಗೆ ನೆಪವೂ ಕಡಿಮೆ. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ, ಉಯಿಲು ಬರೆಯದೆ ತೀರಿಕೊಂಡವನ ಆಸ್ತಿಯಲ್ಲಿ ವಿಧವೆಯ ಮೂರನೆಯ ಒಂದು ಪಾಲು ಹೋಗಿ ಉಳಿದದ್ದು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಸಮ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದಂಥ ತಿದ್ದುಪಡಿಗೆ ಕಾಯಬೇಕಾದ ಪ್ರಮೇಯವೂ ನಮಗೆ ಇರಲಿಲ್ಲ.

ಆ ಹಣದಲ್ಲಿ ದೇವರಿಗೂ ಪಾಲು ಸಂದಿದೆ, ಅದಕ್ಕೆ ನನ್ನ ಪುಸ್ತಕ ಸಾಕ್ಷಿ. ದೇವಾಲಯದ ಹೊಸ ಕುರ್ಚಿ, ಧ್ವನಿವರ್ಧಕ, ಅಮೃತಶಿಲೆಯ ನೆಲ, ಎಲ್ಲವೂ ಪರಿಹಾರದ ವರ್ಷಗಳವು. ಗೋಡೆಯಲ್ಲಿ ದಾನಿಗಳ ಹೆಸರಿನ ಕಲ್ಲಿದೆ. ಫ್ಯಾನಿನ ರೆಕ್ಕೆಗಳ ಮೇಲೂ ಹೆಸರುಗಳಿವೆ. ಕರೆಂಟು ಹೋದಾಗ ಓದಬಹುದು.

ಆ ವರ್ಷದ ಶ್ರಮಕಾಲದ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳ) ಕೂಟಗಳಿಗೆ ನಾವು ಕರೆದ ದೊಡ್ಡ ಪ್ರಸಂಗಿ ಕಡೆಯ ಗಳಿಗೆಯಲ್ಲಿ ಬರಲಾಗುವುದಿಲ್ಲ ಎಂದರು. ಗದಗಿನ ಕಡೆಯ ನಿವೃತ್ತ ಅಯ್ಯನವರೊಬ್ಬರನ್ನು ಕೇಳಿದೆವು. ಬಸ್ಸಿನಲ್ಲಿ ಬಂದರು, ಒಂದು ಕೈಚೀಲ, ಒಂದು ಛತ್ರಿ. ಸಮಿತಿಯವರಿಗೆ ನೋಡಿದಾಗಲೇ ಉತ್ಸಾಹ ಇಳಿಯಿತು. ಮಧ್ಯಾಹ್ನದ ಊಟ ಆದ ಮೇಲೆ ಮಲಗುತ್ತಾರೆ ಎಂದುಕೊಂಡರೆ, "ಖಜಾಂಚಿಯವರೇ, ಹಳೇ ಊರಿಗೆ ಹೋಗೋಣ ನಡೆಯಿರಿ" ಎಂದರು. ಹಿನ್ನೀರಿನ ಅಂಚಿನ ತನಕ ನಡೆದೆವು. ಇಲ್ಲಿ ಯಾರ ಮನೆ ಇತ್ತು, ಅಲ್ಲಿ ಯಾರದು, ಅವರು ಈಗ ಎಲ್ಲಿದ್ದಾರೆ, ಅವರಿಗೆಷ್ಟು ಮಕ್ಕಳು ಎಂದು ಕೇಳುತ್ತ ಹೋದರು. ವಾಪಸ್ ಬಂದು ದೇವಾಲಯದೊಳಗೆ ದಾನಿಗಳ ಕಲ್ಲಿನ ಮುಂದೆ ನಿಂತು ಕನ್ನಡಕ ಏರಿಸಿ ಮೇಲಿನಿಂದ ಕೆಳಗಿನ ತನಕ ಓದಿದರು. "ಇದರಲ್ಲಿ ಒಂದೂ ಹೆಣ್ಣುಮಗಳ ಹೆಸರಿಲ್ಲವಲ್ಲ" ಎಂದರು. ಹೌದು ಎಂದೆ. ಅವರು ಮುಂದೆ ಏನೂ ಕೇಳಲಿಲ್ಲ.

ಮೊದಲ ಸಂಜೆ ಲವೊದಿಕೀಯದ ಸಭೆಗೆ ಬರೆದ ಪತ್ರವನ್ನು ತೆಗೆದುಕೊಂಡರು, ಬೈಬಲಿನ ಪ್ರಕಟನೆ ಪುಸ್ತಕದ ಮೂರನೆಯ ಅಧ್ಯಾಯ. ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಎನ್ನುವ ಮಾತು. ಒಂದು ಪಕ್ಕದ ಹಿಯೆರಾಪೊಲಿಯಲ್ಲಿ ಬಿಸಿನೀರಿನ ಬುಗ್ಗೆಗಳಿದ್ದವು, ಇನ್ನೊಂದು ಪಕ್ಕದ ಕೊಲೊಸ್ಸೆಯಲ್ಲಿ ತಣ್ಣೀರು. ಲವೊದಿಕೀಯಕ್ಕೆ ಮಾತ್ರ ಕಲ್ಲಿನ ಕೊಳವೆಗಳಲ್ಲಿ ನೀರು ತರಬೇಕಿತ್ತು, ಕೊಳವೆಗಳಲ್ಲಿ ಕಟ್ಟಿದ ಸುಣ್ಣ ಇಂದಿಗೂ ಕಾಣುತ್ತದೆ ಎಂದು ವಿವರಿಸಿದರು. ಕ್ರಿ.ಶ. 60ರ ಭೂಕಂಪದಲ್ಲಿ ಊರು ಬಿದ್ದಾಗ ರೋಮಿನಿಂದ ಏನೂ ಪಡೆಯದೆ ಸ್ವಂತ ಹಣದಿಂದ ಕಟ್ಟಿಕೊಂಡರಂತೆ. ಅಂಥ ಊರಿನ ಸಭೆ, ನನಗೆ ಯಾವ ಕೊರತೆಯೂ ಇಲ್ಲ ಎಂದಿತು. ಕ್ರಿಸ್ತನು ಬಾಗಿಲಲ್ಲಿ ನಿಂತು ತಟ್ಟುವ ಚಿತ್ರ ನಮ್ಮೆಲ್ಲರ ಮನೆಯ ಕ್ಯಾಲೆಂಡರಿನಲ್ಲಿದೆ. ಆ ಬಾಗಿಲು ಹೊರಗಿನವರದಲ್ಲ, ಆರಾಧನೆ ನಡೆಯುತ್ತಿರುವ ಸಭೆಯದೇ ಎಂದೂ ಹೇಳಿದರು. ಜನರಿಗೆ ಇಷ್ಟವಾಯಿತು. ಅಯ್ಯನವರು ಬಹಳ ಓದಿಕೊಂಡಿದ್ದಾರೆ ಎಂದು ಚಹಾ ಕುಡಿಯುತ್ತ ಮಾತನಾಡಿಕೊಂಡೆವು. ಯಾರಿಗೂ ಏನೂ ಆಗಲಿಲ್ಲ.

ಎರಡನೆಯ ಸಂಜೆ ಹೋಳಿಯ ಗದ್ದಲ. ಬಾಗಲಕೋಟೆಯ ಹೋಳಿ ಗೊತ್ತಿದ್ದವರಿಗೆ ಹಲಗೆಯ ಸದ್ದು ಎಂದರೇನು ಎಂದು ಹೇಳಬೇಕಾಗಿಲ್ಲ. ಧ್ವನಿವರ್ಧಕ ಜೋರು ಮಾಡಲೇ ಎಂದು ಹುಡುಗ ಕೇಳಿದ. ಬೇಡ ಎಂದು ಅಯ್ಯನವರು ಪ್ರಸಂಗಪೀಠ ಬಿಟ್ಟು ಕೆಳಗಿಳಿದು ಮೊದಲ ಸಾಲಿನ ಮುಂದೆ ಬಂದು ನಿಂತರು. ವಾಕ್ಯ ಓದುವ ಮೊದಲೇ, "ಹಿನ್ನೀರಿನಲ್ಲಿ ಮನೆಯೋ ಹೊಲವೋ ಹೋದವರು ಯಾರು ಯಾರು, ಕೈ ಎತ್ತಿ" ಎಂದರು. ಅರ್ಧಕ್ಕಿಂತ ಹೆಚ್ಚು ಕೈಗಳು. ನಮ್ಮ ಊರಿನವರಿಗೆ ಮುಳುಗಿದ್ದು ಒಂದು ದುಃಖ, ಒಂದು ಹೆಮ್ಮೆಯೂ ಹೌದು. "ಪರಿಹಾರ ಬಂದವರು?" ಕೈಗಳು ಇಳಿಯಲಿಲ್ಲ; ಒಂದಿಬ್ಬರು ನಕ್ಕರು, ಬಂದದ್ದೆಷ್ಟು ಬಿಡಿ ಎಂಬಂತೆ. "ನಿಮ್ಮ ಅಕ್ಕತಂಗಿಯರಿಗೆ ಪಾಲು ಕೊಟ್ಟವರು ಕೈ ಹಾಗೆಯೇ ಇಡಿ."

ಹಲಗೆ ಬಡಿಯುತ್ತಿತ್ತು. ಒಬ್ಬರ ಕೈ ಮಾತ್ರ ಮೇಲಿತ್ತು, ಅವರು ಕಿವಿ ಕೇಳದ ಅಜ್ಜ.

ಬೇರೊಬ್ಬನ ಹೆಂಡತಿಯನ್ನು ಕಸಿದುಕೊಂಡಿದ್ದ ದಾವೀದ ರಾಜನಿಗೆ ನಾತಾನ ಪ್ರವಾದಿ, ಬಡವನ ಕುರಿಮರಿ ಕಸಿದ ಸಿರಿವಂತನ ಕಥೆ ಹೇಳಿ, ಅವನ ಸಿಟ್ಟು ಪೂರ್ತಿ ಏರಿದ ಮೇಲೆ "ಆ ಮನುಷ್ಯನು ನೀನೇ" ಎಂದದ್ದನ್ನು ನಾವು ಭಾನುವಾರ ಶಾಲೆಯಲ್ಲೇ ಕಲಿತಿದ್ದೇವೆ. ಆದರೆ ಅಂಥ ಪ್ರಸಂಗ ಕಟ್ಟುವುದು ಎಷ್ಟು ಕಷ್ಟ ಎನ್ನುವುದು ಅಂದು ತಿಳಿಯಿತು. ಕೇಳುವವನ ಊರು, ಮನೆ, ದಾಖಲೆಪತ್ರ ಗೊತ್ತಿರಬೇಕು. ದೂರದಿಂದ ವಿಮಾನ ಹಿಡಿದು ಬಂದು ಅದೇ ರಾತ್ರಿ ಹೊರಡುವವರಿಂದ ಅದು ಆಗುವುದಿಲ್ಲ. ಅವರಿಗೆ ನಮ್ಮ ಪಾಪಗಳ ಸಗಟು ಪಟ್ಟಿ ಗೊತ್ತು, ಚಿಲ್ಲರೆ ಗೊತ್ತಿಲ್ಲ.

ಆಮೇಲೆ ಲೂಕ ಮೂರನೆಯ ಅಧ್ಯಾಯ ಓದಿದರು. ಯೋಹಾನನು ಬೈದ ಮೇಲೆ ಜನ ಕೇಳುತ್ತಾರೆ, ಹಾಗಾದರೆ ನಾವೇನು ಮಾಡಬೇಕು? ಗುಂಪಿನವರು ಕೇಳುತ್ತಾರೆ, ಸುಂಕದವರು ಕೇಳುತ್ತಾರೆ, ಸಿಪಾಯಿಗಳು ಕೇಳುತ್ತಾರೆ. ಎರಡು ಅಂಗಿಯಿದ್ದವನು ಇಲ್ಲದವನಿಗೆ ಒಂದು ಕೊಡಲಿ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ. ಯಾರನ್ನೂ ಹೆದರಿಸಿ ಹಣ ಕೀಳಬೇಡಿ, ಸಂಬಳ ಸಾಕೆನ್ನಿ. "ಮೂರು ಉತ್ತರದಲ್ಲಿ ಪ್ರಾರ್ಥನೆ ಎಲ್ಲಿದೆ ತೋರಿಸಿ" ಎಂದರು ಅಯ್ಯನವರು. "ಉಪವಾಸ ಎಲ್ಲಿದೆ? ಅಳು ಎಲ್ಲಿದೆ? ಎಲ್ಲ ಬಟ್ಟೆ, ಊಟ, ರೊಕ್ಕದ ಮಾತೇ. ಮಾನಸಾಂತರ ಎಂದರೆ ಏನು ಮಾಡಬೇಕೆಂದು ಕೇಳಿದವರಿಗೆ ಯೋಹಾನ ಹೇಳಿದ್ದು ಇಷ್ಟೇ." ಸುಂಕದವನಾದ ಜಕ್ಕಾಯನು ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆಂದ ಮೇಲೆಯೇ ಈ ಹೊತ್ತು ಈ ಮನೆಗೆ ರಕ್ಷಣೆಯಾಯಿತು ಎಂಬ ಮಾತು ಬಂದದ್ದನ್ನು ನೆನಪಿಸಿದರು. ತಮ್ಮದೇ ಕುಟುಂಬದ ಹೊಲದ ವಿಷಯವನ್ನೂ ಹೇಳಿದರು. ತಾವು ಪಾದ್ರಿಯಾಗಿ ಬಲಿಪೀಠದ ಬಳಿ ನಿಂತಿರುವಾಗ ಅಕ್ಕ ಒಬ್ಬಳು ಕೂಲಿಗೆ ಹೋಗುತ್ತಿದ್ದಳಂತೆ. ಪಾಲು ಕೊಟ್ಟಾಗ ಆಕೆಗೆ ವಯಸ್ಸಾಗಿ ಹೋಗಿತ್ತು. ಅದನ್ನು ಅಳುತ್ತ ಹೇಳಲಿಲ್ಲ, ವರದಿ ಓದಿದಂತೆ ಹೇಳಿದರು.

ಮುಂದೆ ಬನ್ನಿ, ಮೊಣಕಾಲೂರಿ ಎಂದು ಕರೆಯಲಿಲ್ಲ. ಮತ್ತಾಯ ಐದನೆಯ ಅಧ್ಯಾಯದ 23, 24ನೆಯ ವಚನಗಳನ್ನು ಓದಿದರು: ಕಾಣಿಕೆ ತರುವಾಗ ನಿನ್ನ ಮೇಲೆ ಸಹೋದರನಿಗೆ ಏನೋ ವಿರೋಧವಿದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಒಂದಾಗು. "ಭಾನುವಾರ ಚೀಲ ಬರುತ್ತದೆ. ತಂಗಿಯ ರೊಕ್ಕ ಕೈಯಲ್ಲಿಟ್ಟುಕೊಂಡವರು ಅದರಲ್ಲಿ ಏನೂ ಹಾಕಬೇಡಿ. ದೇವರು ಕಳವಿನ ಮಾಲು ಒತ್ತೆ ಇಟ್ಟುಕೊಳ್ಳುವವನಲ್ಲ. ಖಜಾಂಚಿಯವರು ಸಿಟ್ಟಾಗಬಾರದು" ಎಂದು ನನ್ನ ಕಡೆ ನೋಡಿ ಕುಳಿತುಬಿಟ್ಟರು. ಅಂತ್ಯಗೀತೆಯನ್ನು ಯಾರು ಎತ್ತಬೇಕೆಂದು ತಿಳಿಯದೆ ಹಾಡಿನ ತಂಡ ಒಬ್ಬರ ಮುಖ ಒಬ್ಬರು ನೋಡಿಕೊಂಡಿತು.

ಭಾನುವಾರ ಚೀಲ ತಿರುಗಿತು. ನಮ್ಮಲ್ಲಿ ಚೀಲಕ್ಕೆ ಕೈ ಹಾಕದೆ ಪಕ್ಕದವರಿಗೆ ದಾಟಿಸುವುದು ನಾಚಿಕೆಯ ಕೆಲಸ, ಬರಿಗೈಯನ್ನಾದರೂ ಮುಷ್ಟಿ ಕಟ್ಟಿ ಒಳಗಿಟ್ಟು ತೆಗೆಯುವುದು ವಾಡಿಕೆ. ಅಂದು ಮುಂದಿನ ಸಾಲಿನ ಕೆಲವರು ನೇರವಾಗಿ ದಾಟಿಸಿದರು, ಎಲ್ಲರಿಗೂ ಕಾಣುವಂತೆ. ಒಳಕೋಣೆಯಲ್ಲಿ ಸುರಿದಾಗ ಎಂದಿನ ಮೊತ್ತದ ಅರ್ಧಕ್ಕೂ ಬರಲಿಲ್ಲ. ಜೊತೆಗಿದ್ದ ಸದಸ್ಯರು, "ಇನ್ನೊಮ್ಮೆ ಎಣಿಸೋಣ" ಎಂದರು. ಎಣಿಸಿದೆವು. ಷರಾ ಕಾಲಂನಲ್ಲಿ ನಾನು "ಪ್ರಸಂಗದ ಪರಿಣಾಮ" ಎಂದು ಬರೆದೆ. ಆಮೇಲೆ ಲೆಕ್ಕಪರಿಶೋಧಕರು ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ, ಅದು ಬೇರೆ ಮಾತು.

ಮರುದಿನ ಸಂಜೆ ನನ್ನ ಹೆಂಡತಿಯ ಅಣ್ಣ ಮನೆಗೆ ಬಂದರು. ಅವರೂ ನಮ್ಮ ಸಭೆಯವರೇ, ಕಲ್ಲಿನಲ್ಲಿ ಹೆಸರಿದೆ. ನನ್ನ ಹೆಂಡತಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅವರು ಬಾಗಿಲಲ್ಲೇ ನಿಂತು, "ತಂಗಿ, ನಿನ್ನೊಡನೆ ಮಾತನಾಡಬೇಕಿತ್ತು" ಎಂದರು.

"ಕೂತುಕೋ ಅಣ್ಣ. ಕೋರ್ಟಿನಿಂದ ಎರಡನೆಯ ಸಲ ಬಂದದ್ದೆಷ್ಟು?"

ಅವರಿಗೆ ಆಕೆಗೆ ಗೊತ್ತಿದೆ ಎಂಬುದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ; ಸಹಿ ಹಾಕಿ ಬಂದ ದಿನ ತಂದ ಸೀರೆಯನ್ನು ಆಕೆ ಒಂದು ಸಲವೂ ಉಟ್ಟಿಲ್ಲ ಎಂಬುದಷ್ಟೇ ಗೊತ್ತಿತ್ತು. ಅವರು ಮೊತ್ತ ಹೇಳಿದರು. ಬಡ್ಡಿ ಸೇರಿಸಿಯೋ ಬಿಟ್ಟೋ ಎಂದು ಆಕೆ ಕೇಳಿದಳು. ಸೇರಿಸಿ. ಯಾವ ವರ್ಷ? ಹೇಳಿದರು. ಅಲ್ಲಿಂದ ಇಲ್ಲಿಯ ತನಕ ಅದು ಯಾವ ಬ್ಯಾಂಕಿನಲ್ಲಿತ್ತು? ರೊಟ್ಟಿಯ ಸದ್ದು ಒಮ್ಮೆಯೂ ನಿಲ್ಲಲಿಲ್ಲ. ಅವರು ಅಳತೊಡಗಿದರು. ಕ್ಷಮಿಸು ಎಂದರು. ಆಗ ಆಕೆ ಕೈ ತೊಳೆದುಕೊಂಡು ಹೊರಗೆ ಬಂದಳು.

"ಕ್ಷಮಿಸಿ ಎಷ್ಟೋ ವರ್ಷವಾಯಿತು ಅಣ್ಣ. ಇಲ್ಲದಿದ್ದರೆ ನಿನ್ನ ಹಿಂದಿನ ಸಾಲಿನಲ್ಲಿ ಕುಳಿತು ಕರ್ತನ ಭೋಜನ ತೆಗೆದುಕೊಳ್ಳಲು ಆಗುತ್ತಿತ್ತೇ? ಅದು ಮುಗಿದ ವಿಷಯ. ಲೆಕ್ಕ ಬೇರೆ. ತೀರಿಕೊಂಡ ಅಕ್ಕನ ಮಕ್ಕಳದೂ ಇದೆ, ಅವರನ್ನೂ ಕರೆಸು."

ನನಗೆ ಕಾಗದ ಪೆನ್ನು ತರಲು ಹೇಳಿದಳು. ಸಹಕಾರಿ ಸಂಘದಲ್ಲಿ ಜೀವಮಾನವೆಲ್ಲ ಬಡ್ಡಿ ಹಾಕಿದವನು ನಾನು, ಆದರೆ ಅಂದು ದರ ನಿರ್ಧರಿಸಿದವಳು ಆಕೆಯೇ, ಉಳಿತಾಯ ಖಾತೆಯ ದರ. ಹೆಚ್ಚು ಕೇಳಲಿಲ್ಲ, ಕಡಿಮೆಗೆ ಒಪ್ಪಲಿಲ್ಲ. ಅವರು ಕಂತಿನಲ್ಲಿ ಕೊಡುತ್ತಿದ್ದಾರೆ. ಕಂತು ತಪ್ಪಿದ ತಿಂಗಳು ಫೋನು ಮಾಡುವವಳೂ ಆಕೆಯೇ, ಊಟಕ್ಕೆ ಕರೆಯುವವಳೂ ಆಕೆಯೇ. ಅಣ್ಣತಂಗಿ ಮೊದಲಿಗಿಂತ ಹೆಚ್ಚು ಜಗಳವಾಡುತ್ತಾರೆ. ಮೊದಲು ಜಗಳವೇ ಇರಲಿಲ್ಲ, ವಂದನೆ ಹೇಳಿ ಮುಗುಳ್ನಕ್ಕು ಹೋಗುತ್ತಿದ್ದರು.

ಎಲ್ಲ ಮನೆಗಳಲ್ಲೂ ಹೀಗಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಇನ್ನೊಂದೆರಡು ಕಡೆ ಮಾತುಕತೆ ಆಗಿದೆ ಎಂದು ಕೇಳಿದ್ದೇನೆ. ಒಂದು ಮನೆಯಲ್ಲಿ ಮಾತು ವಕೀಲರ ತನಕ ಹೋಗಿದೆ. ಬಹುಪಾಲು ಜನ ನಾಲ್ಕು ವಾರ ಬಿಟ್ಟು ಮತ್ತೆ ಚೀಲಕ್ಕೆ ಕೈ ಹಾಕತೊಡಗಿದರು, ಮೊತ್ತ ಮೊದಲಿನ ಮಟ್ಟಕ್ಕೆ ಬಂತು. ಅಯ್ಯನವರ ಮೇಲೆ ದೂರುಗಳೂ ಬಂದವು. ಕುಟುಂಬದ ವಿಷಯ ದೇವಾಲಯದಲ್ಲಿ ಏಕೆ ಎಂದು ಒಬ್ಬರು. ಆತ್ಮಿಕ ಆಹಾರ ಸಿಗಲಿಲ್ಲ ಎಂದು ಇನ್ನೊಬ್ಬರು. ಕೈ ಎತ್ತಿಸಿ ಅವಮಾನ ಮಾಡಿದರು ಎಂದು ಮತ್ತೊಬ್ಬರು, ಇದರಲ್ಲಿ ಸ್ವಲ್ಪ ನಿಜವಿದೆ ಎಂದು ನನಗೂ ಅನಿಸುತ್ತದೆ; ಆ ಕಿವಿ ಕೇಳದ ಅಜ್ಜನನ್ನು ಹುಡುಗರು ಈಗಲೂ ರೇಗಿಸುತ್ತಾರೆ. ಮುಂದಿನ ಶ್ರಮಕಾಲಕ್ಕೆ ಯಾರನ್ನು ಕರೆಯಬೇಕು ಎಂಬ ಚರ್ಚೆಯಲ್ಲಿ ನಾನು ಇವರದೇ ಹೆಸರು ಸೂಚಿಸಿದಾಗ ಅನುಮೋದಿಸಲು ಒಬ್ಬರೂ ಇರಲಿಲ್ಲ. ಬೆಳಗಾವಿಯಲ್ಲಿರುವ ನಮ್ಮ ಸಂಬಂಧಿಕರೊಬ್ಬರು ಮೆಥೊಡಿಸ್ಟರು. ಈ ಸಂಗತಿ ಕೇಳಿ ನಕ್ಕು, ನಮ್ಮ ಪಂಗಡ ಶುರುಮಾಡಿದ ವೆಸ್ಲಿಯವರಿಗೂ ಹೀಗೇ ಆಗಿದ್ದು ಎಂದರು. 1744ರ ಆಗಸ್ಟ್‌ನಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪ್ರಸಂಗಪೀಠದಲ್ಲಿ ನಿಂತು ಅಲ್ಲಿನ ಅಧ್ಯಾಪಕರು ವಿದ್ಯಾರ್ಥಿಗಳ ಮುಖಕ್ಕೇ, ನಿಮ್ಮಲ್ಲಿ ನಿಜವಾದ ಕ್ರೈಸ್ತಧರ್ಮ ಎಲ್ಲಿದೆ ಎಂದು ಕೇಳಿದರಂತೆ. ಅಲ್ಲಿ ಪ್ರಸಂಗಕ್ಕೆ ಅವರನ್ನು ಮತ್ತೆ ಕರೆಯಲೇ ಇಲ್ಲ.

ನನ್ನ ಭಿನ್ನಮತವನ್ನು ನಿರ್ಣಯ ಪುಸ್ತಕದಲ್ಲಿ ಬರೆಸಿದ್ದೇನೆ. ಕಾರಣ ಕೊಡಿ ಎಂದು ಕಾರ್ಯದರ್ಶಿಯವರು ಕೇಳಿದ್ದರಿಂದ ಅದನ್ನೂ ಕೊಟ್ಟಿದ್ದೇನೆ. ಈಗ ಆಲಮಟ್ಟಿಯಲ್ಲಿ ನೀರು ನಿಲ್ಲುವುದು 519.60 ಮೀಟರಿಗೆ. 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಏರಿಸಿದ ದಿನ ಇನ್ನಷ್ಟು ಮನೆ, ಇನ್ನಷ್ಟು ಹೊಲ ಹೋಗುತ್ತವೆ, ಇನ್ನೊಂದು ಸುತ್ತು ಪರಿಹಾರ ಬರುತ್ತದೆ, ಇನ್ನೊಂದು ಸುತ್ತು ಸೀರೆ ಖಣ ಅಂಗಡಿಯಿಂದ ಬರುತ್ತವೆ. ಹಣ ಬಂದ ಮೇಲೆ ಪ್ರಸಂಗ ಕೇಳುವುದಕ್ಕಿಂತ ಬರುವ ಮೊದಲೇ ಕೇಳುವುದು ಎಲ್ಲರಿಗೂ ಅಗ್ಗ. ಇದನ್ನು ಕಾರ್ಯದರ್ಶಿಯವರು ಯಥಾವತ್ತಾಗಿ ಬರೆದುಕೊಂಡು, "ಪರಿಶೀಲಿಸಲಾಗುವುದು" ಎಂದು ಕೆಳಗೆ ಸೇರಿಸಿದರು.

ಸಮಿತಿಯ ಒಪ್ಪಿಗೆ ದೇವಾಲಯದ ಕೂಟಗಳಿಗೆ ಬೇಕು, ಮನೆ ಪ್ರಾರ್ಥನೆಗೆ ಬೇಕಿಲ್ಲ. ಅಯ್ಯನವರಿಗೆ ಫೋನು ಮಾಡಿದ್ದೇನೆ, ಬರುತ್ತೇನೆ ಎಂದಿದ್ದಾರೆ. ಬಸ್ ಚಾರ್ಜು ನನ್ನ ಕಿಸೆಯದು. ನಮ್ಮ ಮನೆಯ ಪಡಸಾಲೆಯಲ್ಲಿ ಜಾಗ ಕಡಿಮೆ, ಆದ್ದರಿಂದ ಬೇಗ ಬಂದವರಿಗೆ ಕುರ್ಚಿ. ಅಕ್ಕತಂಗಿಯರನ್ನೂ ಕರೆದುಕೊಂಡು ಬನ್ನಿ ಎಂದು ನನ್ನ ಹೆಂಡತಿ ಹೇಳಿದ್ದಾಳೆ, ಊಟ ಇದೆ.